ನೀರು ಕುಡಿಯುವ ಆಟದ ಪೆಟ್ಟಿಗೆ

ಹಾಸನದಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಹೊಲತೋಟಗಳ ನಡುವೆ, ಕೊರವಂಗಲವೆಂಬ ಸಣ್ಣ ಗ್ರಾಮವಿದೆ. ಬೇಲೂರು ಹಳೇಬೀಡುಗಳಿಗೆ ಧಾವಿಸುವ ಪ್ರವಾಸಿಗರಲ್ಲಿ ಈ ಕಡೆಗೆ ಹೊರಳುವವರು ವಿರಳ. ಹೊರಳಿದವರಿಗೆ ಮಾತ್ರ ಅಲ್ಲಿಯ ಬೂಚೇಶ್ವರ ದೇವಾಲಯ ನಿರಾಶೆಯನ್ನುಂಟುಮಾಡದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ ಗುಡಿಯಿದು. ಅವನ ಸೋದರರು ಕಟ್ಟಿಸಿದ ಗೋವಿಂದೇಶ್ವರ, ನಾಕೇಶ್ವರ ಗುಡಿಗಳು ಪಾಳುಬಿದ್ದಿವೆ. ಇದೊಂದು ಗಟ್ಟಿಯಾಗಿ ನಿಂತಿದೆ. ಒಳಗೆ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ಪಶ್ಚಿಮದಲ್ಲಿ ಶಿವ, ಪೂರ್ವದಲ್ಲಿ ಸೂರ್ಯ. ಶಾಖದ ಒಡೆಯ ಒಂದು ಕಡೆ. ತಲೆಯ ಮೇಲೆ ಗಂಗೆಯನ್ನೇ ಹೊತ್ತ ಅಭಿಷೇಕಪ್ರಿಯ ಇನ್ನೊಂದು ಕಡೆ. ನಡುವೆ ತಂಪಾದ ಮಂಟಪ.

ವಿಡಿಯೋ ಗೇಮ್ ಯಂತ್ರಕ್ಕೆ ನೀರಿನ ತಂಪು ಕೊಡುವ ವಿಷಯಕ್ಕೂ ಹೊಯ್ಸಳರ ಗುಡಿಗೂ ಏನು ನಂಟು ಎಂದು ಓದುಗರು ಹುಬ್ಬೇರಿಸಬಹುದು. ನಂಟು ಇಲ್ಲದಿಲ್ಲ. ಬೇಸಗೆಯ ನಡುಹಗಲಿನಲ್ಲಿ ಹೊರಗಣ ಬಯಲಿನಿಂದ ಅಂಥ ಮಂಟಪದೊಳಕ್ಕೆ ಅಡಿಯಿಟ್ಟರೆ ಮೈಗೆ ಹಿತವಾಗುತ್ತದೆ. ಅದು ಪವಾಡವಲ್ಲ. ದಪ್ಪ ಕಲ್ಲು ಹಗಲಿನ ಶಾಖವನ್ನು ಬೇಗ ಒಳಬಿಡದು. ತಾನೇ ಮೆಲ್ಲಮೆಲ್ಲನೆ ಹೀರಿಕೊಂಡು ಇರುಳಿನಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಶಾಖವು ಇದ್ದಲ್ಲಿಯೇ ಕರಗಿ ಮಾಯವಾಗುವ ವಸ್ತುವಲ್ಲ. ಅದನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆಗೆ ಸಾಗಿಸಬಹುದು, ಅಷ್ಟೆ. ಈ ಮಾತೊಂದನ್ನು ನೆನಪಿನಲ್ಲಿಟ್ಟುಕೊಂಡು ಪಟ್ಟಣದ ಮನೆಯೊಂದರ ನಡುಮನೆಗೆ ಬರೋಣ.

ಭಾನುವಾರದ ಮಧ್ಯಾಹ್ನವೆಂದಿಟ್ಟುಕೊಳ್ಳಿ. ತಾರಸಿ ಕಾದಿದೆ. ಟೆಲಿವಿಷನ್ನಿನ ಮುಂದೆ ಹುಡುಗ ಮೈಮರೆತು ಕುಳಿತಿದ್ದಾನೆ. ಗೋಡೆಯ ಕಪಾಟಿನ ಗೂಡೊಂದರಲ್ಲಿ ಆಟದ ಯಂತ್ರ. ಧೂಳು ಬೀಳದಿರಲೆಂದು ಅದರ ಮೇಲೆ ಅಜ್ಜಿ ಕ್ರೋಶಾ ಕಡ್ಡಿಯಿಂದ ಹೆಣೆದ ಬಿಳಿಯ ಹೊದಿಕೆ. ಅರ್ಧ ಗಂಟೆ ಕಳೆಯುವುದರೊಳಗೆ ಪೆಟ್ಟಿಗೆ ಗುರುಗುಟ್ಟತೊಡಗುತ್ತದೆ.

“ಏನೋ ಅದು, ಹಿಟ್ಟಿನ ಗಿರಣಿಯ ಹಾಗೆ ಸದ್ದುಮಾಡುತ್ತಿದೆ?” ಎಂದು ಅಡಿಗೆಮನೆಯಿಂದ ತಾಯಿಯ ಕೂಗು.

“ಬಿಸಿಯಾಗಿದೆಯಮ್ಮ.”

“ಹಾಗಾದರೆ ಆರಿಸು.”

“ಇನ್ನೊಂದೇ ಒಂದು ಆಟ.”

ಆ ಒಂದು ಆಟ ಮುಗಿಯುವ ಮುನ್ನವೇ ಯಂತ್ರವು ತೆರೆಯ ಮೇಲೆ ಎಚ್ಚರಿಕೆಯನ್ನು ಮೂಡಿಸಿ ತನ್ನಷ್ಟಕ್ಕೆ ತಾನೇ ಆರಿಹೋಗುತ್ತದೆ. ಹುಡುಗನ ತಲೆಯಲ್ಲಿ ಆಗ ಒಂದು ಯೋಚನೆ ಸುಳಿಯುತ್ತದೆ: ಕಾರಿನ ಎಂಜಿನ್ನಿಗೆ ನೀರು ಹಾಯಿಸುತ್ತಾರೆ, ಇದಕ್ಕೇಕೆ ಹಾಯಿಸಬಾರದು? ಮಾತು ಕಿವಿಗೆ ಬಿದ್ದೊಡನೆ ತಂದೆಯ ಎದೆ ಧಸಕ್ಕೆನ್ನುವುದು ಸಹಜ. ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಎಂಬ ಯಂತ್ರ 2021ರ ಫೆಬ್ರವರಿ 2ರಂದು ಭಾರತದ ಅಂಗಡಿಗಳಿಗೆ ಬಂದಾಗ ಅದರ ಬೆಲೆ 49,990 ರೂಪಾಯಿ. ಅನೇಕ ಮನೆಗಳಲ್ಲಿ ಅದು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಮೊತ್ತ. ಹಾಗೆ ತಂದ ವಿದ್ಯುತ್ ಯಂತ್ರದೊಳಕ್ಕೆ ನೀರು ಬಿಡುವುದೆಂದರೆ!

ಆದರೂ ಹುಡುಗನ ಪ್ರಶ್ನೆ ಹುಡುಗಾಟದ್ದಲ್ಲ.

ಹೆಬ್ಬೆಟ್ಟಿನಗಲದ ಒಲೆ

ಈ ಪೆಟ್ಟಿಗೆಯ ಲೆಕ್ಕಾಚಾರವೆಲ್ಲ ನಡೆಯುವುದು ಸಿಲಿಕಾನಿನ ಒಂದು ಸಣ್ಣ ಬಿಲ್ಲೆಯಲ್ಲಿ. ಪ್ಲೇಸ್ಟೇಷನ್ 5ರ ಮೊದಲ ಮಾದರಿಯಲ್ಲಿ ಆ ಬಿಲ್ಲೆಯ ವಿಸ್ತಾರ ಸುಮಾರು 300 ಚದರ ಮಿಲಿಮೀಟರ್, ಎಂದರೆ ಹೆಬ್ಬೆಟ್ಟಿನ ಗುರುತಿನಷ್ಟು. ಭರ್ಜರಿಯಾದ ಆಟವೊಂದು ನಡೆಯುತ್ತಿರುವಾಗ ಇಡೀ ಯಂತ್ರ ಹೆಚ್ಚುಕಡಿಮೆ 200 ವಾಟ್ ವಿದ್ಯುತ್ತನ್ನು ಸೆಳೆಯುತ್ತದೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಈ ಬಿಲ್ಲೆಗೆ. ತೆರೆಯ ಮೇಲೆ ಓಡುವ ಕುದುರೆ, ಸಿಡಿಯುವ ಕೋಟೆ, ಹಾರುವ ವಿಮಾನ ಎಲ್ಲವೂ ಬರಿಯ ಬೆಳಕಿನಾಟ. ಸೆಳೆದ ವಿದ್ಯುತ್ತೆಲ್ಲ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳುತ್ತದೆ. ಒಂದು ಗಂಟೆಯ ಆಟದಲ್ಲಿ ಹುಟ್ಟುವ ಶಾಖವನ್ನು ಒಟ್ಟುಗೂಡಿಸಲು ಸಾಧ್ಯವಾದರೆ ಎರಡು ಲೀಟರಿಗೂ ಮಿಕ್ಕ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮನೆಮಂದಿಗೆಲ್ಲ ಕಾಫಿಯಾಗಿ ಇನ್ನೂ ಮಿಗುವಷ್ಟು.

ಇಸ್ತ್ರಿಪೆಟ್ಟಿಗೆಯೊಂದಿಗೆ ಹೋಲಿಸಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು 5 ವಾಟ್. ಆಟದ ಯಂತ್ರದ ಬಿಲ್ಲೆಯಲ್ಲಾದರೋ ಅದರ ಹತ್ತು ಪಟ್ಟಿನ ಆಸುಪಾಸು. ಬಟ್ಟೆಯ ಮೇಲೆ ಮರೆತುಬಿಟ್ಟ ಇಸ್ತ್ರಿಪೆಟ್ಟಿಗೆ ಏನು ಮಾಡುತ್ತದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಈ ಬಿಲ್ಲೆಯ ಶಾಖವನ್ನು ಕ್ಷಣಕ್ಷಣವೂ ಹೊತ್ತೊಯ್ಯುವವರಿಲ್ಲದಿದ್ದರೆ ಅದು ಕೆಲವು ಕ್ಷಣಗಳೂ ಬಾಳದು. ಅದನ್ನು ಉಳಿಸಿಕೊಳ್ಳುವ ಸಲುವಾಗಿಯೇ ಯಂತ್ರ ತಾನಾಗಿ ಆರಿಹೋಗುವುದು.

ಹೊತ್ತೊಯ್ಯುವ ಕೆಲಸ ಕೆಟ್ಟರೆ ಏನಾದೀತೆಂಬುದಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ 360ರ ಕಥೆಯನ್ನು ಹೇಳಬೇಕು. ಆ ಯಂತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 2005ರ ನವೆಂಬರಿನಲ್ಲಿ. ಮರುವರ್ಷ ಭಾರತಕ್ಕೂ ಬಂತು. ಕೊಂಡ ಕೆಲವು ತಿಂಗಳುಗಳಲ್ಲೇ ಅನೇಕರ ಯಂತ್ರಗಳು ನಿಂತುಹೋದವು. ಮುಂಭಾಗದಲ್ಲಿ ಹಸಿರು ದೀಪದ ಉಂಗುರ ಬೆಳಗಬೇಕಾದಲ್ಲಿ ಉಂಗುರದ ಮುಕ್ಕಾಲು ಪಾಲು ಕೆಂಪಾಗಿ ಮಿನುಗತೊಡಗಿತು. ಆಟಗಾರರ ಬಳಗದಲ್ಲಿ ಅದಕ್ಕೆ ‘ಸಾವಿನ ಕೆಂಪುಂಗುರ’ವೆಂದೇ ಹೆಸರಾಯಿತು. 2007ರ ಜುಲೈನಲ್ಲಿ ಕಂಪನಿ ತಪ್ಪೊಪ್ಪಿಕೊಂಡು ಈ ದೋಷಕ್ಕೆ ಮೂರು ವರ್ಷಗಳ ಖಾತರಿ ನೀಡಿ, ಅದರ ವೆಚ್ಚಕ್ಕೆಂದು ನೂರು ಕೋಟಿ ಡಾಲರುಗಳಿಗೂ ಹೆಚ್ಚಿನ ಮೊತ್ತವನ್ನು ತೆಗೆದಿರಿಸಬೇಕಾಯಿತು. ಕಾರಣವನ್ನು 2021ರಲ್ಲಿ ಕಂಪನಿಯೇ ಹೊರತಂದ ಸಾಕ್ಷ್ಯಚಿತ್ರದಲ್ಲಿ ವಿವರಿಸಲಾಗಿದೆ. ಯಂತ್ರವನ್ನು ಹಚ್ಚಿದಾಗ ಬಿಸಿ, ಆರಿಸಿದಾಗ ತಣ್ಣಗೆ. ಮತ್ತೆ ಬಿಸಿ, ಮತ್ತೆ ತಣ್ಣಗೆ. ಹೀಗೆ ಹಿಗ್ಗಿ ಕುಗ್ಗಿ ಬಿಲ್ಲೆಯ ಅಡಿಯಲ್ಲಿದ್ದ ಸೂಕ್ಷ್ಮವಾದ ಬೆಸುಗೆಗಳು ಬಿರುಕುಬಿಟ್ಟವು. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಕೊನೆಗೆ ಮುರಿದುಬೀಳುವುದಿಲ್ಲವೇ? ಹಾಗೆ.

ಆ ದಿನಗಳಲ್ಲಿ ಕೆಲವರು ಕಂಡುಕೊಂಡಿದ್ದ ಚಿಕಿತ್ಸೆ ನಗು ಬರಿಸುವಂಥದು. ನಿಂತ ಯಂತ್ರಕ್ಕೆ ಸ್ನಾನದ ಟವೆಲುಗಳನ್ನು ಸುತ್ತಿ ಬೇಕೆಂದೇ ಇನ್ನಷ್ಟು ಕಾಯಿಸುವುದು! ಕಾದ ಭಾಗಗಳು ಹಿಗ್ಗಿ, ಬಿರುಕಿನ ತುದಿಗಳು ಒಂದಕ್ಕೊಂದು ತಾಗಿ, ಯಂತ್ರಕ್ಕೆ ಕೆಲವು ದಿನ ಜೀವ ಬಂದಂತಾಗುತ್ತಿತ್ತು. ಆಮೇಲೆ ಮತ್ತೆ ಕೆಂಪುಂಗುರ. ಬೆಂಕಿ ಹತ್ತುವ ಭಯವಂತೂ ಇದ್ದೇ ಇತ್ತು. ಜ್ವರ ಬಂದವನಿಗೆ ಕಂಬಳಿ ಹೊದಿಸಿ ಒಲೆಯ ಮುಂದೆ ಕೂರಿಸಿದಂತಾಯಿತೆನ್ನಬೇಕು.

ಒಂದು ಚೊಂಬು ನೀರು, ಒಂದು ಟ್ಯಾಂಕು ಗಾಳಿ

ಗಾಳಿಗೆ ಹೊರುವ ಶಕ್ತಿ ಕಡಿಮೆ. ಒಂದು ಲೀಟರ್ ನೀರು ಒಂದು ಡಿಗ್ರಿಯಷ್ಟು ಬಿಸಿಯೇರುವಾಗ ಎಷ್ಟು ಶಾಖವನ್ನು ನುಂಗುತ್ತದೆಯೋ ಅಷ್ಟನ್ನು ನುಂಗಲು ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. 200 ವಾಟ್ ಶಾಖವನ್ನು ಗಾಳಿಯಿಂದಲೇ ಸಾಗಿಸುವುದಾದರೆ, ಗಾಳಿ ಹತ್ತು ಡಿಗ್ರಿ ಬಿಸಿಯೇರಲೆಂದು ಬಿಟ್ಟರೂ, ನಿಮಿಷಕ್ಕೆ ಸುಮಾರು ಸಾವಿರ ಲೀಟರ್ ಗಾಳಿಯನ್ನು ಪೆಟ್ಟಿಗೆಯ ಮೂಲಕ ತಳ್ಳಬೇಕು. ಮನೆಯ ತಾರಸಿಯ ಮೇಲೆ ಕುಳಿತ ಕರಿಯ ಪ್ಲಾಸ್ಟಿಕ್ ಟ್ಯಾಂಕನ್ನು ನೆನೆಯಿರಿ. ನಿಮಿಷಕ್ಕೆ ಅಂಥದೊಂದು ಟ್ಯಾಂಕಿನಷ್ಟು ಗಾಳಿ! ಫ್ಯಾನು ಗಿರಣಿಯಂತೆ ಕೂಗುವುದರಲ್ಲಿ ಸೋಜಿಗವೇನು? ಅದೇ ಶಾಖಕ್ಕೆ ನಿಮಿಷಕ್ಕೊಂದು ಚೊಂಬು, ಎಂದರೆ ಒಂದು ಲೀಟರ್ ನೀರು ಹರಿದರೆ ಸಾಕು; ಆ ನೀರು ಬರಿಯ ಮೂರು ಡಿಗ್ರಿಯಷ್ಟು ಬೆಚ್ಚಗಾಗುತ್ತದೆ.

ಈ ಲೆಕ್ಕವನ್ನು ಹಾಸನ ಸೀಮೆಯ ಹಳೆಯ ರೈತರಿಗೆ ಪುಸ್ತಕ ಹಿಡಿದು ಹೇಳಿಕೊಡಬೇಕಾಗಿಲ್ಲ. ವಿದ್ಯುತ್ ಪಂಪುಗಳು ಎಲ್ಲೆಡೆ ಬರುವುದಕ್ಕೆ ಮುಂಚೆ ನಮ್ಮ ನಾಡಿನ ಹೊಲಗಳಲ್ಲಿಯೂ ಅಕ್ಕಿಯ ಗಿರಣಿಗಳಲ್ಲಿಯೂ ‘ಟಕ್ ಟಕ್’ ಎನ್ನುತ್ತಿದ್ದ ಡೀಸೆಲ್ ಎಂಜಿನ್ನುಗಳನ್ನು ಕಂಡವರು ಇನ್ನೂ ಇದ್ದಾರೆ. ಇಂಗ್ಲೆಂಡಿನ ಲಿಸ್ಟರ್ ಮಾದರಿಯ ಆ ನಿಧಾನಗತಿಯ ಎಂಜಿನ್ನಿನ ಪಕ್ಕದಲ್ಲಿ ನೀರಿನದೊಂದು ತೊಟ್ಟಿ, ತೊಟ್ಟಿಗೂ ಎಂಜಿನ್ನಿಗೂ ಎರಡು ಕೊಳವೆಗಳು. ಎಂಜಿನ್ನಿನ ಮೈಯಲ್ಲಿ ಕಾದ ನೀರು ಹಗುರವಾಗಿ ಮೇಲಿನ ಕೊಳವೆಯಿಂದ ತಾನಾಗಿ ತೊಟ್ಟಿಗೆ ಏರುತ್ತಿತ್ತು; ತೊಟ್ಟಿಯ ತಳದ ತಣ್ಣೀರು ಕೆಳಗಿನ ಕೊಳವೆಯಿಂದ ಎಂಜಿನ್ನಿಗೆ ಇಳಿಯುತ್ತಿತ್ತು. ನೀರನ್ನು ತಿರುಗಿಸಲು ಬೇರೆ ಪಂಪೇ ಬೇಡ. ಹೊಲದ ಪಂಪಾದರೆ ಇನ್ನೂ ಸುಲಭ: ಬಾವಿಯಿಂದೆತ್ತಿದ ನೀರಿನಲ್ಲಿಯೇ ಒಂದು ಸಣ್ಣ ಪಾಲನ್ನು ಎಂಜಿನ್ನಿನ ಹೊಟ್ಟೆಯ ಸುತ್ತ ಹಾಯಿಸಿ ಕಾಲುವೆಗೆ ಬಿಡುತ್ತಿದ್ದರು. ಮೋಟಾರು ಕಾರಿಗೆ ಜೇನುಗೂಡಿನಂಥ ರೇಡಿಯೇಟರನ್ನು ಜರ್ಮನಿಯ ವಿಲ್‌ಹೆಲ್ಮ್ ಮೈಬಾಖ್ ಅಳವಡಿಸಿದ್ದು 1901ರ ಮರ್ಸಿಡಿಸಿನಲ್ಲಿ. ಆ ವಿದ್ಯೆ ಇಂದಿಗೂ ಹೆಚ್ಚು ಬದಲಾಗಿಲ್ಲ.

ಹಾಗೆ ನೋಡಿದರೆ ಆಟದ ಪೆಟ್ಟಿಗೆಯಲ್ಲಿ ದ್ರವದ ಬಳಕೆ ಹುಡುಗನು ಭಾವಿಸಿದಷ್ಟು ಹೊಸದಲ್ಲ. ಜಪಾನಿನ ಸೇಗಾ ಕಂಪನಿ 1998ರ ನವೆಂಬರ್ 27ರಂದು ಡ್ರೀಮ್‌ಕಾಸ್ಟ್ ಎಂಬ ಯಂತ್ರವನ್ನು ತನ್ನ ನಾಡಿನಲ್ಲಿ ಬಿಡುಗಡೆ ಮಾಡಿತು. ಅದರ ಮೊದಮೊದಲ ಪೆಟ್ಟಿಗೆಗಳಲ್ಲಿ ಶಾಖವನ್ನು ಒಯ್ಯಲು ದ್ರವ ತುಂಬಿದ ನಳಿಗೆಯನ್ನು ಬಳಸಲಾಗಿತ್ತು. ಮುಂದೆ ಖರ್ಚನ್ನು ಇಳಿಸಲು ಲೋಹದ ರೆಕ್ಕೆ ಮತ್ತು ಫ್ಯಾನಿಗೆ ಮರಳಿದರು.

ಈ ಶಾಖದ ನಳಿಗೆಯ ಕೆಲಸವನ್ನು ತಿಳಿಯಬಯಸುವವರು ಇಡ್ಲಿಯ ಪಾತ್ರೆಯ ಮುಚ್ಚಳವನ್ನು ತೆಗೆದು ನೋಡಬೇಕು. ತಳದಲ್ಲಿ ಕುದಿದ ನೀರು ಆವಿಯಾಗಿ ಏರಿ, ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಗಟ್ಟಿ, ಮತ್ತೆ ತಳಕ್ಕೇ ಉದುರುತ್ತದೆ. ಏರುವಾಗ ಆವಿಯು ಒಲೆಯ ಶಾಖವನ್ನು ಹೊತ್ತು ಬಂದಿತು. ಹನಿಯಾಗುವಾಗ ಅದನ್ನು ಮುಚ್ಚಳಕ್ಕೆ ಒಪ್ಪಿಸಿತು. ನಳಿಗೆಯಲ್ಲಿ ನಡೆಯುವುದೂ ಇದೇ. ಗಾಳಿಯನ್ನು ಹೊರಗೆಳೆದು ಮುಚ್ಚಿದ ತಾಮ್ರದ ನಳಿಗೆಯಲ್ಲಿ ನಾಲ್ಕು ಹನಿ ನೀರು. ಒಳಗೆ ಒತ್ತಡ ಕಡಿಮೆಯಾದ್ದರಿಂದ ಅದು ನೂರು ಡಿಗ್ರಿಯವರೆಗೆ ಕಾಯದೆ ಬಹು ಬೇಗ ಆವಿಯಾಗುತ್ತದೆ. ಬಿಸಿಯ ತುದಿಯಿಂದ ತಣ್ಣನೆಯ ತುದಿಗೆ ಓಡಿ ನೀರಾಗುತ್ತದೆ. ಗೋಡೆಯಲ್ಲಿರುವ ಬತ್ತಿಯಂಥ ಪದರ ಆ ನೀರನ್ನು ಹೀರಿ ಮರಳಿ ತರುತ್ತದೆ. ಇಂದಿನ ಮಡಿಲ ಕಂಪ್ಯೂಟರುಗಳಲ್ಲಿಯೂ ಆಟದ ಯಂತ್ರಗಳಲ್ಲಿಯೂ ಇರುವುದು ಈ ನಳಿಗೆಗಳೇ.

ಇನ್ನೊಂದು ಎಡೆಯಲ್ಲಿಯೂ ಇವು ಇವೆ. ಆ ಎಡೆಗೂ ಕೊರವಂಗಲದ ನೆರೆಯ ಹಾಸನಕ್ಕೂ ದಿನನಿತ್ಯದ ವ್ಯವಹಾರವುಂಟು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ ಹಾಸನದಲ್ಲಿ 1982ರಿಂದ ಕೆಲಸಮಾಡುತ್ತಿದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳ ಆರೋಗ್ಯವನ್ನು ಹಗಲಿರುಳೂ ವಿಚಾರಿಸಿಕೊಳ್ಳುವವರು ಅಲ್ಲಿಯ ಎಂಜಿನಿಯರುಗಳು. ಆ ಎತ್ತರದಲ್ಲಿ ಗಾಳಿಯೇ ಇಲ್ಲ. ಫ್ಯಾನು ತಿರುಗಿಸಿ ಪ್ರಯೋಜನವೇನು? ಆದ್ದರಿಂದ ಸಂಪರ್ಕ ಉಪಗ್ರಹಗಳ ಫಲಕಗಳಲ್ಲಿ ಸಾಮಾನ್ಯವಾಗಿ ಅಮೋನಿಯಾ ತುಂಬಿದ ಶಾಖದ ನಳಿಗೆಗಳನ್ನು ಹುದುಗಿಸಿರುತ್ತಾರೆ. ಅವು ಯಂತ್ರಭಾಗಗಳ ಬಿಸಿಯನ್ನು ಹೊರಮೈಗೆ ಒಯ್ಯುತ್ತವೆ. ಹೊರಮೈ ಅದನ್ನು ಕಿರಣರೂಪದಲ್ಲಿ ಶೂನ್ಯಕ್ಕೆ ಚೆಲ್ಲುತ್ತದೆ. ದುರಸ್ತಿಗೆಂದು ಯಾರೂ ಹೋಗಲಾಗದ ತಾಣದಲ್ಲಿ, ತಿರುಗುವ ಒಂದು ಬಿಡಿಭಾಗವೂ ಇಲ್ಲದೆ, ಹತ್ತು ಹದಿನೈದು ವರ್ಷ ನಡೆಯಬೇಕಾದ ಏರ್ಪಾಟು ಇದು. ಅಲ್ಯೂಮಿನಿಯಮ್ಮಿನ ಕೊಳವೆಗಳ ಮೇಲೆ ಅಷ್ಟು ಭಾರ!

ಭಾರಿ ಕಂಪ್ಯೂಟರುಗಳ ಲೋಕದಲ್ಲಿಯಂತೂ ನೀರಿಲ್ಲದೆ ನಡೆಯದು. 1985ರಲ್ಲಿ ಹೊರಬಂದ ಅಮೆರಿಕದ ಕ್ರೇ-2 ಎಂಬ ಯಂತ್ರದ ಹಲಗೆಗಳನ್ನು ವಿದ್ಯುತ್ತನ್ನು ಹರಿಯಗೊಡದ ಒಂದು ವಿಶೇಷ ದ್ರವದಲ್ಲಿ ಮುಳುಗಿಸಿಯೇ ಇಟ್ಟಿದ್ದರು. ಗಾಜಿನೊಳಗೆ ಗುಳ್ಳೆಗಳು ಏಳುತ್ತಿದ್ದುದನ್ನು ಕಂಡು ಜನ ಅದಕ್ಕೆ ‘ಬಬಲ್ಸ್’ ಎಂದು ಅಡ್ಡಹೆಸರಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ನೆಲೆಗೊಂಡ ‘ಸಹಸ್ರಟಿ’, 2022ರಲ್ಲಿ ಬಂದ ‘ಪರಮ್ ಪ್ರವೇಗ’ ಎರಡಕ್ಕೂ ದ್ರವದ ತಂಪೇ ಆಧಾರ. ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿಯಷ್ಟು ಲೆಕ್ಕಗಳು. ಮನೆಯ ಆಟದ ಪೆಟ್ಟಿಗೆ ಇವುಗಳ ಬಡ ದಾಯಾದಿಯೇ ಸರಿ. ಆದರೆ ರೋಗ ಒಂದೇ, ಔಷಧವೂ ಒಂದೇ.

ಪ್ಲೇಸ್ಟೇಷನ್ 5ರಲ್ಲಿಯೂ ಒಂದು ದ್ರವವಿದೆ. ಅದು ನೀರಲ್ಲ, ಲೋಹ. ಗ್ಯಾಲಿಯಂ ಮುಂತಾದ ಲೋಹಗಳ ಮಿಶ್ರಣವದು. ಕೋಣೆಯ ಸಾಧಾರಣ ಬಿಸಿಯಲ್ಲಿಯೇ ಪಾದರಸದಂತೆ ಹರಿಯುತ್ತದೆ. ಬಿಲ್ಲೆಗೂ ಅದರ ಮೇಲಣ ಲೋಹದ ರೆಕ್ಕೆಗಳಿಗೂ ನಡುವೆ ಇದನ್ನು ತೆಳುವಾಗಿ ಸವರಿ, ಸುತ್ತಲೂ ಮೆತ್ತನೆಯ ಕಟ್ಟೆ ಕಟ್ಟಿದ್ದಾರೆ. ಈ ಏರ್ಪಾಟನ್ನು ಹದಕ್ಕೆ ತರಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂದು ಸೋನಿಯ ಎಂಜಿನಿಯರ್ ಯಾಸುಹಿರೋ ಓಟೋರಿ 2020ರ ಅಕ್ಟೋಬರಿನಲ್ಲಿ ಯಂತ್ರವನ್ನು ಬಿಚ್ಚಿ ತೋರಿಸುವಾಗ ತಿಳಿಸಿದರು. ಎರಡು ವರ್ಷದ ಆ ಕೆಲಸವನ್ನು ಕದಲಿಸಹೊರಟಿರುವುದು ನಮ್ಮ ಹುಡುಗನ ತಿರುಪುಳಿ!

ಮನೆಯಲ್ಲಿಯೇ ಮಾಡುವುದಾದರೆ

ಮಾಡಿದವರಿಲ್ಲದೆ ಇಲ್ಲ. ಅಮೆರಿಕದ ಕುಶಲಿ ಬೆನ್ ಹೆಕೆಂಡಾರ್ನ್ 2006ರಲ್ಲಿ ಎಕ್ಸ್‌ಬಾಕ್ಸ್ 360ನ್ನು ಬಿಚ್ಚಿ, ತೆರೆಯನ್ನೂ ಕೀಲಿಮಣೆಯನ್ನೂ ಜೋಡಿಸಿ, ನೀರಿನ ತಂಪನ್ನು ಕೊಟ್ಟು, ಕೈಯಲ್ಲಿ ಹೊತ್ತೊಯ್ಯುವ ಪೆಟ್ಟಿಗೆಯನ್ನಾಗಿಸಿದರು. ಬ್ರಿಟನ್ನಿನ ಮ್ಯಾಥ್ಯೂ ಪರ್ಕ್ಸ್ 2022ರಲ್ಲಿ ಪ್ಲೇಸ್ಟೇಷನ್ 5ರ ದೊಡ್ಡ ಫ್ಯಾನನ್ನೂ ಲೋಹದ ರೆಕ್ಕೆಗಳನ್ನೂ ತೆಗೆದುಹಾಕಿ, ತಾಮ್ರದ ತಗಡುಗಳಿಂದ ನೀರಿನ ತೆಳುಗೂಡೊಂದನ್ನು ಮಾಡಿ, ಹತ್ತು ಸೆಂಟಿಮೀಟರಿಗೂ ದಪ್ಪನೆಯ ಯಂತ್ರವನ್ನು ಎರಡು ಸೆಂಟಿಮೀಟರಿಗಿಂತ ತೆಳ್ಳಗಾಗಿಸಿ ತೋರಿಸಿದರು. ರೇಡಿಯೇಟರು, ಪಂಪು, ವಿದ್ಯುತ್ ಪೂರೈಕೆಯ ಭಾಗಗಳು ಟೆಲಿವಿಷನ್ನಿನ ಹಿಂದೆ ಅವಿತುಕೊಂಡವು. ಇವರಿಬ್ಬರೂ ಪಳಗಿದ ಕೈಗಳವರೆಂಬುದನ್ನು ಮರೆಯಬಾರದು.

ಬೇಕಾಗುವ ಸಾಮಗ್ರಿಯ ಪಟ್ಟಿ ದೊಡ್ಡದಲ್ಲ. ಬಿಲ್ಲೆಯ ಮೇಲೆ ಕೂರುವ, ಒಳಗೆ ಸಣ್ಣ ಗೀರುಗಾಲುವೆಗಳುಳ್ಳ ತಾಮ್ರದ ಗಟ್ಟಿ. ಒಂದು ಪುಟ್ಟ ಪಂಪು. ಅಂಗೈಯಗಲದ ಫ್ಯಾನು ಕಚ್ಚಿಕೊಂಡ ರೇಡಿಯೇಟರು. ನೀರಿನದೊಂದು ಸಣ್ಣ ಸಂಪುಟ. ಕೊಳವೆ ಮತ್ತು ಬಿರಡೆಗಳು. ಮೇಜಿನ ಕಂಪ್ಯೂಟರಿಗೆ ಹೊಂದುವ ಇಂಥ ಸಾಮಾನುಗಳು ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತವೆ. ತೊಡಕಿರುವುದು ತಾಮ್ರದ ಗಟ್ಟಿಯಲ್ಲಿ. ಆಟದ ಯಂತ್ರಗಳ ಹಲಗೆಯ ಅಳತೆ ಒಂದೊಂದಕ್ಕೂ ಬೇರೆ. ಕಂಪ್ಯೂಟರಿನ ಗಟ್ಟಿ ಅಲ್ಲಿ ಕೂರುವುದಿಲ್ಲ. ಅಳತೆ ತೆಗೆದು, ತಾಮ್ರವನ್ನು ಕೊರೆಯಬಲ್ಲ ವರ್ಕ್‌ಷಾಪನ್ನು ಹುಡುಕಿ ಮಾಡಿಸಬೇಕಾಗುತ್ತದೆ. ತಿರುಪುಗಳ ಒತ್ತಡ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾದರೆ ಬಿಲ್ಲೆಯ ಅಂಚು ಚಕ್ಕೆಯೇಳುವುದುಂಟು.

ಹೊಸಬರು ಎಡವುವುದು ಇನ್ನೊಂದೆಡೆ. ಬಿಲ್ಲೆಯೊಂದಕ್ಕೆ ನೀರು ಹಾಯಿಸಿ, ‘ಇನ್ನು ಫ್ಯಾನೇಕೆ?’ ಎಂದು ಕಿತ್ತೊಗೆದುಬಿಡುತ್ತಾರೆ. ಆ ಫ್ಯಾನು ತಂಪುಗೊಳಿಸುತ್ತಿದ್ದುದು ಬಿಲ್ಲೆಯೊಂದನ್ನೇ ಅಲ್ಲ. ಅದರ ಸುತ್ತಲಿನ ಸ್ಮೃತಿಯ ಚಿಪ್ಪುಗಳು, ವಿದ್ಯುತ್ತನ್ನು ಹದಗೊಳಿಸುವ ಕಿರುಭಾಗಗಳು, 230 ವೋಲ್ಟನ್ನು ಇಳಿಸಿಕೊಡುವ ಪೂರೈಕೆಯ ಪೆಟ್ಟಿಗೆ ಇವೆಲ್ಲವೂ ಅದೇ ಗಾಳಿಯನ್ನು ನಂಬಿದ್ದವು. ಮನೆಯ ಯಜಮಾನನಿಗೆ ಮಾತ್ರ ಊಟ ಬಡಿಸಿ ಉಳಿದವರನ್ನು ಉಪವಾಸ ಕೆಡವಿದಂತೆ ಇದು. ಬಿಲ್ಲೆ ತಣ್ಣಗಿರುತ್ತದೆ, ಪಕ್ಕದ ಚಿಕ್ಕ ಭಾಗವೊಂದು ಸುಟ್ಟು ಯಂತ್ರವೇ ಮಲಗುತ್ತದೆ. ಫ್ಯಾನು ತಿರುಗುತ್ತಿಲ್ಲವೆಂದು ತಿಳಿದ ಕೂಡಲೆ ಕೆಲಸಮಾಡಲು ನಿರಾಕರಿಸುವ ಯಂತ್ರಗಳೂ ಇವೆ. ಪ್ಲೇಸ್ಟೇಷನ್ 5 ಆದರೆ ಮೇಲೆ ಹೇಳಿದ ದ್ರವಲೋಹದ ಅಪಾಯ ಬೇರೆ. ಅದು ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡುತ್ತದೆ. ಸಾಸಿವೆಯಷ್ಟು ಹನಿ ಹಲಗೆಯ ಮೇಲೆ ಉರುಳಿದರೂ ಕೇಡು. ಅಲ್ಯೂಮಿನಿಯಮ್ಮಿಗೆ ತಾಗಿದರೆ ಅದನ್ನು ತಿಂದುಹಾಕುತ್ತದೆ.

ನೀರಾದರೂ ಯಾವ ನೀರು? ಕೊಳವೆ ಬಾವಿಯ ನೀರು ಖಂಡಿತ ಕೂಡದು. ನಮ್ಮ ಊರುಗಳ ಗಡಸು ನೀರು ಗೀಜರಿನ ಸುರುಳಿಗೆ ಸುಣ್ಣದಂಥ ಬಿಳಿಯ ಹೊಪ್ಪಳಿಕೆಯನ್ನು ಹತ್ತಿಸುವುದನ್ನು ಎಲ್ಲರೂ ಕಂಡಿದ್ದಾರೆ. ಕೂದಲೆಳೆಯಂಥ ಗೀರುಗಾಲುವೆಗಳು ಅದರಿಂದ ಬಲು ಬೇಗ ಮುಚ್ಚಿಹೋಗುತ್ತವೆ. ಭಟ್ಟಿಯಿಳಿಸಿದ ನೀರನ್ನೇ ಬಳಸಬೇಕು. ತುಕ್ಕನ್ನೂ ಪಾಚಿಯನ್ನೂ ತಡೆಯುವ ದ್ರಾವಣವನ್ನು ಅದರೊಂದಿಗೆ ಬೆರೆಸಬೇಕು. ತಾಮ್ರದ ಗಟ್ಟಿಗೆ ಅಲ್ಯೂಮಿನಿಯಮ್ಮಿನ ರೇಡಿಯೇಟರನ್ನು ಜೋಡಿಸಲೂಬಾರದು. ಎರಡು ಬಗೆಯ ಲೋಹಗಳು ಒಂದೇ ನೀರಿನಲ್ಲಿ ನಿಂತರೆ ಅದೊಂದು ವಿದ್ಯುತ್ಕೋಶವೇ ಆಗಿ ಅಲ್ಯೂಮಿನಿಯಮ್ ದಿನದಿನಕ್ಕೆ ಕರಗುತ್ತದೆ. ತಿಂಗಳುಗಳ ಮೇಲೆ ಒಂದು ಇರುಳು ಸದ್ದಿಲ್ಲದೆ ತೂತುಬೀಳುತ್ತದೆ. ಭಟ್ಟಿಯಿಳಿಸಿದ ನೀರು ವಿದ್ಯುತ್ತನ್ನು ಹರಿಯಗೊಡದೆಂಬ ಧೈರ್ಯವನ್ನೂ ಕೆಲವರು ಹೇಳುವುದುಂಟು. ಅದು ಸೀಸೆಯಲ್ಲಿರುವಷ್ಟು ದಿನ ಮಾತ್ರ. ಲೋಹದ ಸಂಗ ಮಾಡಿದ ಮೇಲೆ ಆ ಗುಣ ಉಳಿಯುವುದಿಲ್ಲ. ಹಲಗೆಯ ಧೂಳು ಬೆರೆತರಂತೂ ಕೇಳುವುದೇ ಬೇಡ.

ಐಸ್ ಹಾಕಿದರೆ ಇನ್ನೂ ತಂಪಲ್ಲವೇ ಎಂದು ಉತ್ಸಾಹಿಗಳು ಕೇಳಬಹುದು. ಐಸ್ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ಅವರಿಗೆ ತೋರಿಸಬೇಕು. ಆ ಬೆವರು ತಾಮ್ರದ ಗಟ್ಟಿಯಿಂದ ತೊಟ್ಟಿಕ್ಕಿದರೆ ಬೀಳುವುದು ಬಿಲ್ಲೆಯ ಮೇಲೆಯೇ. ಐಸಿಲ್ಲದ ಸಾಮಾನ್ಯ ಏರ್ಪಾಟಿನಲ್ಲಿ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಅದು ತಂದ ಶಾಖವನ್ನು ಕಟ್ಟಕಡೆಗೆ ಕೋಣೆಯ ಗಾಳಿಗೇ ಒಪ್ಪಿಸಬೇಕಲ್ಲ! ಸಮುದ್ರಮಟ್ಟದಿಂದ 950 ಮೀಟರಿನಷ್ಟು ಎತ್ತರದಲ್ಲಿರುವ ಹಾಸನದಲ್ಲಿ ಇದು ಸಲೀಸು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು ಕಲಬುರಗಿಗಳಲ್ಲಿ ಅದೇ ರೇಡಿಯೇಟರು ಅಷ್ಟು ಗೆಲ್ಲಲಾರದು.

ಇಷ್ಟೆಲ್ಲ ಪಟ್ಟ ಮೇಲೆ ದಕ್ಕುವುದೇನು? ಇಲ್ಲಿ ಹುಡುಗನಿಗೆ ಸ್ವಲ್ಪ ನಿರಾಶೆ ಕಾದಿದೆ. ಆಟದ ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಮೇಜಿನ ಕಂಪ್ಯೂಟರಿನಲ್ಲಾದರೆ ತಂಪು ಹೆಚ್ಚಿದಂತೆ ಬಿಲ್ಲೆಯನ್ನು ಇನ್ನಷ್ಟು ಜೋರಾಗಿ ಓಡಿಸಬಹುದು. ಪ್ಲೇಸ್ಟೇಷನ್ 5ರ ವೇಗ ನಿರ್ಧಾರವಾಗುವುದು ಬಿಲ್ಲೆಗೆ ಬಿದ್ದ ಕೆಲಸದ ಭಾರದಿಂದ, ಬಿಸಿಯಿಂದಲ್ಲ. ಅದನ್ನು ರೂಪಿಸಿದ ಮಾರ್ಕ್ ಸರ್ನಿ 2020ರ ಮಾರ್ಚಿನಲ್ಲಿಯೇ ಇದನ್ನು ವಿವರಿಸಿದ್ದಾರೆ. ತಣ್ಣನೆಯ ಊರಿನ ಯಂತ್ರವೂ ಸುಡುವ ಊರಿನ ಯಂತ್ರವೂ ಒಂದೇ ಬಗೆಯಲ್ಲಿ ಆಡಬೇಕೆಂಬುದು ಅವರ ಉದ್ದೇಶ. ನೀರಿನಿಂದ ಸಿಗುವ ಲಾಭ ಸದ್ದಡಗುವುದೊಂದು, ಬೆಸುಗೆಗಳ ಆಯುಸ್ಸು ಒಂದಿಷ್ಟು ಹೆಚ್ಚಬಹುದೆಂಬುದೊಂದು. ಕಳೆದುಕೊಳ್ಳುವುದು ಕಂಪನಿಯ ಖಾತರಿ.

ಆದುದರಿಂದ ಹೊಸ ಯಂತ್ರವುಳ್ಳ ಮನೆಯವರು ಮೊದಲು ಮಾಡತಕ್ಕ ಕೆಲಸ ಅಜ್ಜಿಯ ಹೊದಿಕೆಯನ್ನು, ಅವರ ಮನನೋಯದಂತೆ, ಬೇರೊಂದು ವಸ್ತುವಿಗೆ ವರ್ಗಾಯಿಸುವುದು. ಎರಡನೆಯದು ಪೆಟ್ಟಿಗೆಯನ್ನು ಕಪಾಟಿನ ಗೂಡಿನಿಂದ ಹೊರತೆಗೆದು ಸುತ್ತಲೂ ಗೇಣಗಲ ಬಯಲು ಬಿಡುವುದು. ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದ ಗೂಡಿನಲ್ಲಿ ಯಂತ್ರ ತಾನು ಬಿಟ್ಟ ಉಸಿರನ್ನೇ ತಾನು ಮತ್ತೆ ಸೇದುತ್ತಿರುತ್ತದೆ. ಧೂಳಂತೂ ನಮ್ಮ ದೇಶದ ಎಲೆಕ್ಟ್ರಾನಿಕ್ ವಸ್ತುಗಳ ಹಳೆಯ ವೈರಿ. ಪ್ಲೇಸ್ಟೇಷನ್ 5ರ ಪಕ್ಕದ ಮುಚ್ಚಳಗಳನ್ನು ತೆಗೆಯಲು ಕಂಪನಿಯ ಒಪ್ಪಿಗೆಯೇ ಇದೆ. ಒಳಗೆ ಧೂಳು ಸೇರಲೆಂದು ಬಿಟ್ಟ ಎರಡು ಕಿಂಡಿಗಳಿವೆ. ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಅಲ್ಲಿಗೆ ಹಿಡಿದರೆ ಆಯಿತು. ಹಿಟ್ಟಿನ ಗಿರಣಿಯ ಸದ್ದು ಮುಕ್ಕಾಲು ಪಾಲು ಅಡಗುವುದು ಇಷ್ಟರಿಂದಲೇ.

ಇಷ್ಟಾದ ಮೇಲೂ ಹುಡುಗನ ಕೈ ತುರಿಸುತ್ತಿದ್ದರೆ ಬೈದು ಕೂರಿಸುವುದು ತರವಲ್ಲ. ಎಂಜಿನ್ನಿನ ಪಕ್ಕದಲ್ಲಿ ತೊಟ್ಟಿ ಕಟ್ಟಿದ ರೈತನ ಕೈಗೂ ಆಸೆಯಿತ್ತಲ್ಲವೇ? ಖಾತರಿ ಮುಗಿದ, ಮೂಲೆ ಸೇರಿದ ಹಳೆಯ ಯಂತ್ರವೊಂದನ್ನು ತಂದೆ ಅವನಿಗೆ ಕೊಡಿಸಬಹುದು. ಕೆಟ್ಟರೆ ನಷ್ಟ ಸಣ್ಣದು, ಕಲಿತದ್ದು ಉಳಿಯುತ್ತದೆ. ಎರಡು ಕಟ್ಟುಪಾಡುಗಳು ಮಾತ್ರ ಮೀರಕೂಡದವು. 230 ವೋಲ್ಟಿನ ಪೂರೈಕೆಯ ಪೆಟ್ಟಿಗೆಯನ್ನು ಬಿಚ್ಚಕೂಡದು, ನೀರಿನ ಕೊಳವೆ ಅದರ ಮೇಲೆ ಹಾಯಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕೈಸುಡುವಷ್ಟು ವಿದ್ಯುತ್ತು ಕೆಲಕಾಲ ಅಡಗಿರುತ್ತದೆ. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇರಬೇಕು. ಸೋರುವ ವಿದ್ಯುತ್ತನ್ನು ಕಂಡೊಡನೆ ಕಡಿದುಹಾಕುವ ಬ್ರೇಕರ್ ಮನೆಯ ಫಲಕದಲ್ಲಿರಬೇಕು. ಇದನ್ನು ಎಲೆಕ್ಟ್ರಿಷಿಯನ್ ಬಂದು ನೋಡಿ ಹೇಳಿದ ಮೇಲೆಯೇ ತಿರುಪುಳಿಯನ್ನು ಕೈಗೆತ್ತಿಕೊಳ್ಳಬೇಕು.

ಜೋಡಣೆ ಮುಗಿದ ದಿನವೇ ಯಂತ್ರವನ್ನು ಹಚ್ಚುವಂತಿಲ್ಲ. ಪಂಪಿಗೆ ಮಾತ್ರ ಬೇರೆ ಕಡೆಯಿಂದ ವಿದ್ಯುತ್ತನ್ನು ಕೊಟ್ಟು, ಆಟದ ಹಲಗೆಗೆ ಒಂದು ವೋಲ್ಟನ್ನೂ ಬಿಡದೆ, ಒಂದು ಹಗಲು ಒಂದು ಇರುಳು ನೀರನ್ನು ತಿರುಗಿಸಬೇಕು. ಪ್ರತಿಯೊಂದು ಬಿರಡೆಯ ಕೆಳಗೂ ಬಿಳಿಯ ತೆಳು ಕಾಗದದ ಚೂರನ್ನು ಹಾಸಿಡಬೇಕು. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗ್ಗೆ ಎದ್ದೊಡನೆ ಒಮ್ಮೆ ತಂದೆ ಮಗ ಇಬ್ಬರೂ ಬಾಗಿ ಕುಳಿತು ಆ ಚೂರುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಾದರೂ ಒಂದರ ಮೇಲೆ ಕಡಲೆಕಾಳಿನಷ್ಟು ಒದ್ದೆಯ ಗುರುತು ಕಂಡರೂ ಆ ಬಿರಡೆಯನ್ನು ಬಿಚ್ಚಿ, ಒರಸಿ, ಮತ್ತೆ ಬಿಗಿದು, ಹೊಸ ಕಾಗದ ಹಾಸಿ, ಇನ್ನೊಂದು ಹಗಲು ಇನ್ನೊಂದು ಇರುಳು.